ಅಹೋಯಾ ಗೂಡಿನ ಎತ್ತರ

ಸರೋವರದ ಕೊರೆಯುವ ನೀರಿನಲ್ಲಿ ಸೊಂಟದವರೆಗೆ ಇಳಿದು, ಮೆಲಿತೋನ್ ಅಹೋಯಾ ಗೂಡಿನೊಳಕ್ಕೆ ಕೈ ತೂರಿಸಿದ. ಮೇಲೆ ಒಂದೇ ಗೇಣು ಹಸಿ ಜೊಂಡು. ಅದರ ಕೆಳಗೆ ಬರೀ ಕೊಳೆತದ್ದು, ಹೋದ ವರ್ಷದ್ದು, ಅದಕ್ಕೂ ಹಿಂದಿನದು. ಮತ್ತೊಮ್ಮೆ ಅಳೆದು ನೋಡಿದ. ಅಷ್ಟೇ.

ಅಹೋಯಾ ಎಂದರೆ ಬಾತಿನಷ್ಟು ದಪ್ಪದ, ಕೆಂಪು ಕಾಲಿನ ಕರಿ ನೀರುಕೋಳಿ. ಬಲಿತ ಮೇಲೆ ಮೈಭಾರಕ್ಕೆ ಹಾರುವ ಆಸೆಯನ್ನೇ ಬಿಟ್ಟ ಹಕ್ಕಿ. ಹಾರಿ ತಪ್ಪಿಸಿಕೊಳ್ಳಲಾಗದ್ದಕ್ಕೆ ನೀರಿನ ಅಂದಾಜು ಗೊತ್ತಿರಲೇಬೇಕಲ್ಲ! ಅದು ಗೂಡು ಎತ್ತರಿಸಿದರೆ ಮಳೆ ಜಾಸ್ತಿ, ಆಲೂಗಡ್ಡೆಯನ್ನು ಗುಡ್ಡದ ಮೇಲೆ ಬಿತ್ತಬೇಕು. ಎತ್ತರಿಸದಿದ್ದರೆ ಬರ, ದಡದ ತೇವದಲ್ಲೇ ಬಿತ್ತಬೇಕು. ಗೂಡು ನೋಡಿ ಹೇಳುವ ಹೊಣೆ ಈ ವರ್ಷ ಮೆಲಿತೋನನ ತಲೆಗೆ ಬಂದಿತ್ತು. ಅವನೋ, ದಡದಲ್ಲೇ ನಿಂತು ಕತ್ತು ಉದ್ದ ಮಾಡಿ, ಗೂಡು ಮೊಳದೆತ್ತರ ಇದೆ, ಗುಡ್ಡಕ್ಕೆ ನಡೆಯಿರಿ ಎಂದುಬಿಟ್ಟಿದ್ದ. ಈ ಹಕ್ಕಿ ಹಳೆಯ ಗೂಡಿನ ಮೇಲೇ ಪೇರಿಸುತ್ತದೆ, ನೋಡಬೇಕಾದ್ದು ಹೊಸ ಪದರವನ್ನು ಮಾತ್ರ ಎನ್ನುವುದು ಮಹಾರಾಯನಿಗೆ ಇವತ್ತು ಬೆಳಗ್ಗೆ ನೆನಪಾಗಿತ್ತು.

ಊರಿನ ಬೀಜವೆಲ್ಲ ಆಗಲೇ ಗುಡ್ಡ ಹತ್ತಿತ್ತು. ಅದು ಒಣಮಣ್ಣಿಗೆ ಬಿದ್ದರೆ ಮುಗಿಯಿತು, ಬೇರೆ ಬೀಜವಿಲ್ಲ.

ಒದ್ದೆ ಬಟ್ಟೆಯಲ್ಲೇ ಏದುಸಿರು ಬಿಡುತ್ತ ಗುಡ್ಡ ಹತ್ತಿದ. ಹೇಳಿದರೆ ಮಾನ ಹೋಗುತ್ತದೆ; ಹೇಳದಿದ್ದರೆ? ಮೇಲೆ ಗಂಡಸರು ಕಾಲಲ್ಲಿ ಒತ್ತಿ ಮಣ್ಣು ಎಬ್ಬಿಸುವ ಕಾಲ್ನೇಗಿಲು ಊರಿ ನಿಂತಿದ್ದರು. ಊರಿಗೆ ಹಿರಿಯಳಾದ ಅವನ ಸೋದರತ್ತೆ ತೋರಿಬಿಯಾ, ಬಿತ್ತನೆಯ ಮೊದಲ ಗಡ್ಡೆಯನ್ನು ಕೈಯಲ್ಲಿ ಹಿಡಿದು ಭೂತಾಯಿಗೆ ಕೋಕಾ ಎಲೆ ಇಡುತ್ತಿದ್ದಳು.

“ಅತ್ತೇ, ಬಿತ್ತಬೇಡಿ! ನಾನು ತಪ್ಪು ಹೇಳ್ಬಿಟ್ಟೆ. ಈ ವರ್ಷ ಬರ!”

“ಯಾಕಪ್ಪಾ, ಹಕ್ಕಿ ಮನಸ್ಸು ಬದಲಾಯಿಸ್ತಾ?” ಎಂದು ಪಕ್ಕದ ಹೊಲದ ಕಾಸಿಯಾನೊ ಹಲ್ಲು ಕಿರಿದ. “ನಿಮ್ಮಪ್ಪ ಇಪ್ಪತ್ತು ವರ್ಷ ಗೂಡು ನೋಡ್ದ. ಒಂದ್ಸಲನಾದ್ರೂ ಮಾತು ತಿರುಗಿಸಿದ್ನಾ?”

ಎಲ್ಲರೂ ನಕ್ಕರು. ಮೆಲಿತೋನ್ ನಾಚಿಕೆಯಿಂದ ಕುಗ್ಗಿಹೋದ.

ಅತ್ತೆ ನಗಲಿಲ್ಲ.

“ತಿರುಗಿಸ್ಲಿಲ್ಲ,” ಅಂದಳು. “ಅವ್ನಿಗೂ ಒಂದು ವರ್ಷ ಹಿಂಗೇ ತಪ್ಪಾಗಿತ್ತು. ಬಿತ್ತೋಕೆ ಮುಂಚೆನೇ ಗೊತ್ತಾಗಿತ್ತು ಅವ್ನಿಗೆ. ನನ್ನ ತಮ್ಮ ಅಲ್ವಾ, ಮುಖ ನೋಡಿ ನಂಗೂ ಗೊತ್ತಾಯ್ತು. ಮನೆ ಮರ್ಯಾದೆ ಅಂತ ಇಬ್ರೂ ಬಾಯಿ ಬಿಡ್ಲಿಲ್ಲ. ಆ ವರ್ಷ ಹಸಿವಿಗೆ ನನ್ನ ಎರಡು ಕೂಸು ಮಣ್ಣಿಗೆ ಹೋದ್ವು.”

ಅವಳು ಗಡ್ಡೆಯನ್ನು ಮೂಟೆಗೆ ವಾಪಸ್ ಹಾಕಿ, ಮೂಟೆಯನ್ನು ಬೆನ್ನಿಗೆ ಕಟ್ಟಿಕೊಂಡಳು.

“ನೇಗಿಲು ಎತ್ತೋ ಕಾಸಿಯಾನೊ,” ಎಂದು ದಡದ ಕಡೆ ಇಳಿಯತೊಡಗಿದಳು.