ಪುಟ್ಟಮಲ್ಲಮ್ಮನ ಪೂಲ್ ಟೇಬಲ್

"ಎಡಕ್ಕೆ ಎಳಿ ಕಣ್ಲಾ, ಎಡಕ್ಕೆ! ಹಗ್ಗ ಜಾರ್ತದೆ!"

"ಅಂಗಲ್ಲ ಕಣೋ, ಕೆಳಗಿಂದ ಸುತ್ತು."

ಬಿದಿರಿಗೆ ಕುರ್ಚಿ ಬಿಗಿಯುತ್ತಿದ್ದವನು ನೆರೆಮನೆಯ ಬೆಟ್ಟಸ್ವಾಮಿ ಒಬ್ಬನೇ. ಬುದ್ಧಿ ಹೇಳುವವರು ಮಾತ್ರ ಅಂಗಳದ ತುಂಬ. ಆ ಕುರ್ಚಿಯಲ್ಲಿ ಕೊನೆಯ ಪಯಣ ಹೊರಡಬೇಕಾದ ಪುಟ್ಟಮಲ್ಲಮ್ಮ ಜಗುಲಿಯ ಗೋಡೆಗೊರಗಿ, ಹಣೆತುಂಬ ವಿಭೂತಿಯಿಟ್ಟು, ಕಣ್ಣು ಮುಚ್ಚಿ ಕುಳಿತಿದ್ದಳು. ಈ ಗದ್ದಲ ಕೇಳಿ ಅಜ್ಜಿ ಇನ್ನೇನು ನಕ್ಕುಬಿಡುತ್ತಾಳೆ ಎಂದು ಮೊಮ್ಮಗಳು ಶಾಂಭವಿಗೆ ಅನ್ನಿಸಿತು.

"ಬೈಲಕುಪ್ಪೆಯೋರು ಬತ್ತಾರಾ?" ತಂದೆ ಶಿವಶಂಕರ್ ಕೇಳಿದರು.

"ನೋರ್ಬುಗೆ ಬೆಳಗ್ಗೆನೇ ಫೋನ್ ಮಾಡ್ದೆ ಅಪ್ಪ. ಸುದ್ದಿ ಕೇಳ್ದ, ಫೋನ್ ಇಟ್ಟ."

ಬೆಟ್ಟಸ್ವಾಮಿಯ ಕೈ ನಿಂತಿತು. "ಅವನೆಲ್ಲಿ ಬತ್ತಾನೆ ಬುಡು ಶಾಂಭವಿ. ನನ್ ಮುಖ ಕಂಡ್ರೆ ಆಗಕ್ಕಿಲ್ಲ ಅವನ್ಗೆ."

ಶಾಂಭವಿ ರಸ್ತೆಯ ಕಡೆಗೇ ನೋಡಿದಳು. ಹಾಸಿಗೆ ಹಿಡಿದ ಮೇಲೆ ಅಜ್ಜಿ ಕೇಳುತ್ತಿದ್ದದ್ದು ಒಂದೇ: "ಆ ಹುಡುಗ ಬಂದ್ನಾ?" ಇಲ್ಲ ಎಂದು ಹೇಳಿ ಹೇಳಿ ಅವಳ ನಾಲಿಗೆ ಸೋತಿತ್ತು.

*

ಪಿರಿಯಾಪಟ್ಟಣದ ಆ ಮನೆಯ ಮುಂದಿನ ಮಳಿಗೆಯಲ್ಲಿ ಬಾಡಿಗೆಗಿದ್ದವನು ಖಾಲಿ ಮಾಡುವಾಗ ಕೋಲಿನಿಂದ ಗುಂಡುಗಳನ್ನು ಗುಳಿಗೆ ತಳ್ಳಿ ಆಡುವ ಪೂಲ್ ಟೇಬಲ್ಲನ್ನು ಹೊರಲಾರದೆ ಬಿಟ್ಟುಹೋಗಿದ್ದ. ಪುಟ್ಟಮಲ್ಲಮ್ಮ ಮೊದಲು ಅದರ ಮೇಲೆ ಅವರೆಕಾಳು ಹರವಿದಳು. ಬಾಗಿಲಲ್ಲಿ ಹುಡುಗರು ಇಣುಕಿದ್ದು ಕಂಡು, ಕಾಳು ಬಳಿದುಕೊಂಡು ಜಾಗ ಕೊಟ್ಟಳು. ಅವಳ ಕತೆಯಲ್ಲಿ ಬಣ್ಣದ ಏಳು ಗುಂಡು ಏಳು ಜನ ಅಣ್ಣತಮ್ಮಂದಿರು, ಪಟ್ಟೆಯ ಏಳು ಅವರ ಹೆಂಡಿರು. ಕರಿಗುಂಡಿನಲ್ಲಿ ರಾಕ್ಷಸನ ಜೀವ, ಅದನ್ನು ಕೊನೆಗೇ ಮುಟ್ಟಬೇಕು. ಶಾಂಭವಿ ಆಟ ಕಲಿತದ್ದು ಹೀಗೆ, ಅಜ್ಜಿಯ ಮಡಿಲಲ್ಲಿ.

ಊರಿನವರು ಆಡಿದರೆ ಕೋಲು ಒಬ್ಬನ ಕೈಲಿ, ಆಟ ಎಲ್ಲರ ಬಾಯಲ್ಲಿ. ಬೈಲಕುಪ್ಪೆಯ ಟಿಬೆಟನ್ ಹುಡುಗರು ಬಂದರೆ ಮೊದಲು ಕೈಕುಲುಕು, ಆಮೇಲೆ ಗುಂಡಿನ ಸದ್ದಷ್ಟೇ.

ದೀಪಾವಳಿ ಕಳೆದ ಮೇಲೊಂದು ಸಂಜೆ ನೋರ್ಬು ಕರಿಗುಂಡಿಗೆ ಗುರಿಯಿಟ್ಟು ಬಗ್ಗಿದ್ದ. ಬೆಟ್ಟಸ್ವಾಮಿ ಕೂಗಿದ: "ಎಡಕ್ಕೆ ಕಣ್ಲಾ, ಮೆತ್ತಗೆ!" ಗುಂಡು ತಪ್ಪಿತು. ನೋರ್ಬು ಕೋಲನ್ನು ಗೋಡೆಗೊರಗಿಸಿ ಹೊರಟುಹೋದ. ಅವನ ಗೆಳೆಯರೂ ಬರುವುದು ಬಿಟ್ಟರು.

"ಅವನು ಗೆಲ್ಲಲಿ ಅಂತ ಹೇಳ್ದೆ ಕಣವ್ವ," ಎಂದು ಬೆಟ್ಟಸ್ವಾಮಿ ಗೋಗರೆದ. "ಎಲ್ರೂ ಸುಮ್ನೆ ನಿಂತ್ರೆ, ಅವನ ಪರ ಯಾರೂ ಇಲ್ದಂಗೆ ಆಗಕ್ಕಿಲ್ವಾ?"

"ನಿಂಗೆ ಅಂಗೆ. ಅವನ್ಗೆ, ಹೊಡೆಯೋ ಹೊತ್ನಲ್ಲಿ ಬಾಯಾಕಿದ್ರೆ ಕೈ ಇಡ್ಕಂಡು ಎಳೆದಂಗೆ," ಎಂದಳು ಪುಟ್ಟಮಲ್ಲಮ್ಮ. "ಇಬ್ರುದೂ ಮರ್ವಾದೆನೇಯ. ಒಬ್ರುದು ಒಬ್ರಿಗೆ ಗೊತ್ತಾಗ್ನಿಲ್ಲ. ಓಗಿ ಕರ್ಕಂಬಾ."

ನಾಚಿಕೆಗೆ ಬಿದ್ದ ಬೆಟ್ಟಸ್ವಾಮಿ ಹೋಗಲೇ ಇಲ್ಲ.

*

ಕುರ್ಚಿಯನ್ನು ಹೆಗಲಿಗೇರಿಸುವ ಹೊತ್ತಿಗೆ ಬೈಕೊಂದು ಬಂದು ನಿಂತಿತು. ನೋರ್ಬು ಹೆಲ್ಮೆಟ್ ತೆಗೆದು, ಅಜ್ಜಿಯ ಮುಂದೆ ಕೈಮುಗಿದು, ತಲೆ ಬಾಗಿಸಿ ನಿಂತ.

"ಚಿಕ್ಕವನಿದ್ದಾಗ ಮಳೇಲಿ ಬಂದ್ರೆ ಸೆರಗಲ್ಲಿ ತಲೆ ಒರೆಸ್ತಿದ್ರು," ಎಂದ ಶಾಂಭವಿಗೆ. "ಮೊದ್ಲೇ ಬರಬೇಕಿತ್ತು ನಾನು."

"ಈಗ ಬಂದ್ಯಲ್ಲ."

ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ ಬೆಟ್ಟಸ್ವಾಮಿ ಅದನ್ನು ಕೈಯಲ್ಲಿ ಎತ್ತಿ ಹಿಡಿದು, ತಾನು ಪಕ್ಕಕ್ಕೆ ಸರಿದು ನಿಂತ. ನೋರ್ಬು ಆ ಜಾಗಕ್ಕೆ ಬಂದು ಹೆಗಲು ಕೊಟ್ಟ.

ಅವನು ಬೆಟ್ಟಸ್ವಾಮಿಗಿಂತ ಗೇಣುದ್ದ ಎತ್ತರ. ಬೀದಿಗೆ ಇಳಿಯುತ್ತಲೇ ಕುರ್ಚಿ ವಾಲಿತು.

"ಎಡಕ್ಕೆ! ಎಡಕ್ಕೆ ಕಣಪ್ಪಾ!"

"ಮಂಡಿ ಬಗ್ಸು!"

"ಅಜ್ಜಿ ಬಿದ್ದೋಯ್ತದೆ, ಮೆತ್ತಗೆ!"

"ಸುಮ್ಕಿರ್ರೋ! ಬಾಯಿ ಮುಚ್ಚಿ ಎಲ್ರೂ!" ಬೆಟ್ಟಸ್ವಾಮಿ ಎಲ್ಲರಿಗಿಂತ ಜೋರಾಗಿ ಅರಚಿದ.

ಬೀದಿ ತೆಪ್ಪಗಾಯಿತು. ನೋರ್ಬು ನಿಂತುಬಿಟ್ಟ. ಇವನು ಮತ್ತೆ ಹೊರಟೇಬಿಡುತ್ತಾನೇನೋ ಎಂದು ಶಾಂಭವಿ ಒಂದು ಹೆಜ್ಜೆ ಮುಂದೆ ಬಂದಳು.

ಬಿದಿರು ಅಲುಗದಂತೆ ಅವನು ಕತ್ತನ್ನಷ್ಟೇ ತಿರುಗಿಸಿದ. "ಯಾಕೆ ಸುಮ್ನಾದ್ರಿ? ಹೇಳಿ ಬೆಟ್ಟಣ್ಣ. ಎಷ್ಟು ಎಡಕ್ಕೆ?"

ಬೆಟ್ಟಸ್ವಾಮಿ ನೋರ್ಬುವಿನ ಹೆಗಲ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತಿದ. ನೋರ್ಬು ಒತ್ತಿದಷ್ಟೇ ಬಗ್ಗಿದ. ಕುರ್ಚಿ ನೆಟ್ಟಗಾಗುತ್ತಿದ್ದಂತೆ ಪುಟ್ಟಮಲ್ಲಮ್ಮನ ಹಣೆಯಿಂದ ಒಂದಿಷ್ಟು ವಿಭೂತಿ ಉದುರಿ, ಇಬ್ಬರ ತಲೆಗೂದಲಿನ ಮೇಲೂ ಬೆಳ್ಳಗೆ ಕುಳಿತಿತು.