ಆರು ತೊಟ್ಟಿಯ ಮನೆ

ಹೊಳೆನರಸೀಪುರದ ಪೇಟೆಬೀದಿಯಲ್ಲಿ ಕೆಂಪಣ್ಣನ ರಾಗಿ ಅಂಗಡಿ ಮುಂದುಗಡೆ, ಸಂಸಾರ ಹಿಂದುಗಡೆ, ನಡುವೆ ಇಲಿಗಳು. ಅಂಗಡಿಯಲ್ಲಿ ಊಟ ಮಾಡಿ ಮನೆಯ ಅಟ್ಟದಲ್ಲಿ ಮಲಗುತ್ತಿದ್ದ ಆ ಇಲಿಗಳ ದೆಸೆಯಿಂದಲೇ ಅವನ ಹೆಂಡತಿ ದೊಡ್ಡತಾಯಮ್ಮ ಹಳ್ಳಿಮೈಸೂರಿನ ತವರಿನಿಂದ ಒಂದು ಗಂಡು ಬೆಕ್ಕನ್ನು ಬುಟ್ಟಿಯಲ್ಲಿ ಮುಚ್ಚಿ ತಂದದ್ದು. ಹುಲಿಪಟ್ಟೆಯ ಮೈ, ಹುರಿ ಮಾಡಿಟ್ಟಂಥ ಮೀಸೆ. ದಫೇದಾರ ಎಂದು ಕರೆಯದೆ ಬೇರೆ ದಾರಿಯೇ ಇರಲಿಲ್ಲ. ಹಿಂದೆಯೇ ಬೆಳ್ಳಿ ಎಂಬ ಬಿಳಿ ಹೆಣ್ಣು ಬೆಕ್ಕು ಯಾರೂ ಕರೆಯದೆ ಬಂತು. ಬಂದದ್ದು ಮೂರು ಮರಿ ಹಾಕಿತು. ಅರವತ್ತೊಂದನೇ ಇಸವಿಯ ಹೊತ್ತಿಗೆ ಮನೆಯಲ್ಲಿ ಇಲಿ ಸೊನ್ನೆ, ಬೆಕ್ಕು ಐದು.

ಹಿತ್ತಿಲೆಂದರೆ ಚಾಪೆ ಹಾಸುವಷ್ಟು ಜಾಗ. ಅದರಾಚೆ ಪಕ್ಕದ ಮನೆ ಪಾರ್ವತಮ್ಮನ ಕೊತ್ತಂಬರಿ ಮಡಿ. ಹದವಾಗಿ ಅಗೆದ ಮೆತ್ತನೆಯ ಮಣ್ಣು ಕಂಡರೆ ಯಾವ ಬೆಕ್ಕು ತಾನೇ ಸುಮ್ಮನಿದ್ದೀತು?

“ದೊಡ್ಡತಾಯಕ್ಕಾ, ನಿಮ್ ದಫೇದಾರ ನಮ್ ಮಡೀಲಿ ಡೂಟಿ ಮಾಡ್ತಾವ್ನೆ, ಬಂದ್ ನೋಡಕ್ಕ!” ಎಂದು ಪಾರ್ವತಮ್ಮ ಗೋಡೆಯಾಚೆಯಿಂದ ಕೂಗುವುದು ದಿನಚರಿಯಾಯಿತು. ದೊಡ್ಡತಾಯಮ್ಮ ಬೆಕ್ಕುಗಳನ್ನು ಒಳಗೇ ಕೂಡಿದಳು. ಆಗ ಮನೆ ನಾರತೊಡಗಿತು. ಪಾರ್ವತಮ್ಮ ಅರಕಲಗೂಡಿಗೆ ಮದುವೆಗೆ ಹೋದವಳು ಅಲ್ಲೇ ವಾಸವಿದ್ದ, ಕೆಂಪಣ್ಣನ ಬಾಡಿಗೆ ಮನೆಯ ಯಜಮಾನ ಚಂದ್ರಶೇಖರಯ್ಯನವರಿಗೆ ಅದನ್ನೂ ಹೇಳಿ, ಅವರ ತೀರ್ಪನ್ನೂ ಹೊತ್ತು ತಂದಳು: ಯುಗಾದಿ ಕಳೆದ ಮೇಲೆ ತಾವೇ ಬಂದು ನೋಡುತ್ತಾರೆ. ವಾಸನೆ ಬಂತೋ, ಬೆಕ್ಕು ಗೋಣಿಚೀಲಕ್ಕೆ, ಚೀಲ ಹೊಳೆಯಾಚೆಗೆ. ಅದಾಗದಿದ್ದರೆ ಮನೆ ಖಾಲಿ.

ಕೆಂಪಣ್ಣ ಹಾಸನದಲ್ಲಿ ಇಂಟರ್‌ಮೀಡಿಯೆಟ್‌ವರೆಗೆ ಓದಿದವನು. ಅಲ್ಲಿ ಅವನು ಚೆನ್ನಾಗಿ ಕಲಿತದ್ದು ಮೇಷ್ಟರುಗಳ ದನಿಯನ್ನು. ಮೂಗನ್ನು ಎರಡು ಬೆರಳಲ್ಲಿ ಹಿಡಿದು, ಯಜಮಾನರ ಎಳೆದ ರಾಗದಲ್ಲೇ ಶುರುಮಾಡಿದ: “ಅಮ್ಮಾ ದೊಡ್ಡತಾಯೀ... ಮನೇನೂ ನಂದು, ಮೂಗೂ ನಂದೂ...”

ಯಾವಾಗಲೂ ನಗುತ್ತಿದ್ದ ದೊಡ್ಡತಾಯಮ್ಮ ಅಂದು ನಗಲಿಲ್ಲ. “ನಮ್ಮನೆ ನಾರ್ತದೆ ಅಂತ ಅರಕಲಗೂಡ್‌ಗಂಟ ಮಾತು ಓಯ್ತಲ್ಲ! ನಮ್ಮವ್ವ ಕೊಟ್ಟಿಗೇಲೂ ರಂಗೋಲಿ ಬಿಟ್ಟೋಳು. ಬೆಕ್ಕೂ ಇರ್ತವೆ, ಮನೇನೂ ಘಮ್ಮಂತಿರ್ತದೆ. ನೋಡ್ತಾ ಇರಿ.”

ಸೀಮೆಎಣ್ಣೆಯ ಹಳೆ ಡಬ್ಬಗಳನ್ನು ಉದ್ದುದ್ದಕ್ಕೆ ಸೀಳಿಸಿ, ಅಂಚು ಮಡಿಸಿ ತಟ್ಟಿಸಿದಳು. ಒಂದು ಡಬ್ಬಕ್ಕೆ ಎರಡು ತೊಟ್ಟಿ. ಮೊದಲು ಹೊಳೆಯ ಮರಳು ತುಂಬಿದಳು. ನೆನೆದ ಮರಳು ಆರಲೊಲ್ಲದು, ಎತ್ತಿದರೆ ಸೊಂಟ ಹಿಡಿಯಿತು. ಸಾಮಿಲ್ಲಿನ ಮರದ ಹೊಟ್ಟು ತಂದಳು. ಅದು ಬೆಕ್ಕಿನ ಕಾಲಿಗಂಟಿ ಊರೆಲ್ಲ ಸುತ್ತಿ ಕೊನೆಗೆ ಹುರುಳಿಕಾಳಿನ ಸಾರಿನಲ್ಲಿ ತೇಲಿತು. ಒಲೆಯ ಬೂದಿ ಹಾಕಿದ ದಿನ ಮನೆತುಂಬ ಬಿಳಿ ಹೆಜ್ಜೆ. “ಗೋಕುಲಾಷ್ಟಮಿ ಈ ಸಲ ಬೇಗ ಬಂತು” ಎಂದ ಕೆಂಪಣ್ಣ.

ಕೊನೆಗೆ ಕಣ್ಣಿಗೆ ಬಿದ್ದದ್ದು ಅಕ್ಕಿ ಗಿರಣಿಯ ಹಿಂದೆ ಗುಡ್ಡೆ ಬಿದ್ದಿದ್ದ, ಭತ್ತದ ಹೊಟ್ಟು ಸುಟ್ಟ ಕರಿಬೂದಿ. ಕಾಳುಕಾಳಾಗಿತ್ತು, ಹಗುರ, ಬೊಗಸೆ ನೀರು ಹಾಕಿದರೂ ಕುಡಿದು ಕೂರುತ್ತಿತ್ತು. ಗಿರಣಿಯವರು ಎತ್ತಿಕೊಂಡು ಹೋದರೆ ಸಾಕು ಎಂದು ಚೀಲವನ್ನೂ ಕೊಟ್ಟರು.

ಬೂದಿ ಸಿಕ್ಕಿದರೂ ಬೆಳ್ಳಿಯ ಮಡಿವಂತಿಕೆ ಬಿಡಲಿಲ್ಲ. ಇನ್ನೊಂದು ಬೆಕ್ಕು ಹೋದ ತೊಟ್ಟಿಗೆ ಅವಳು ಕಾಲಿಡಳು. ಬಾಗಿಲ ಸಂದಿಗೆ ಹೋಗುವಳು. ಹಾಗಾಗಿ ಐದು ಬೆಕ್ಕಿಗೆ ಆರು ತೊಟ್ಟಿ: ಅಡುಗೆಮನೆಗೆ ದೂರ, ಒಂದಕ್ಕೊಂದು ದೂರ, ಒಂದು ಬಚ್ಚಲ ಬಾಗಿಲ ಬದಿಗೇ. ಫಿನಾಯಿಲು ಮುಟ್ಟಿಸಲಿಲ್ಲ, ಆ ಘಾಟಿಗೆ ಬೆಕ್ಕುಗಳು ತೊಟ್ಟಿಯನ್ನೇ ತೊರೆದವು. ಕುದಿನೀರು, ಸೀಗೆಪುಡಿ, ಬಿಸಿಲು, ಇಷ್ಟೇ. ತೂತು ಹಿಗ್ಗಿದ ಹಳೆ ಜಾಲರಿ ಸೌಟಿನಿಂದ ಬೆಳಿಗ್ಗೆ ಸಂಜೆ ಗಟ್ಟಿಯನ್ನೆಲ್ಲ ಎತ್ತಿ ಹಿತ್ತಿಲ ಗುಂಡಿಗೆ ಹಾಕಿ, ಮೇಲೆ ಸುಣ್ಣ ಚೆಲ್ಲಿ ಮುಚ್ಚುವಳು. ಸೊಪ್ಪಿನ ಬುಡಕ್ಕೆ ಮಾತ್ರ ಎಂದೂ ಹಾಕಳು.

“ಊರಲ್ಲಿ ದೊಡ್ಡೋರದು ಒಂದು ತೊಟ್ಟಿಯ ಮನೆ, ನಮ್ಮದು ಆರು ತೊಟ್ಟಿಯ ಮನೆ!” ಎಂದು ಕೆಂಪಣ್ಣ ಅಂಗಡಿಗೆ ಬಂದವರಿಗೆಲ್ಲ ಸಾರಿದ. ಈ ಸಲ ಅವಳು ನಕ್ಕಳು.

ಯುಗಾದಿ ಕಳೆದ ವಾರದಲ್ಲೇ ಒಂದು ಬೆಳಿಗ್ಗೆ ಬಾಗಿಲಲ್ಲಿ ದನಿ ಕೇಳಿತು. “ಅಮ್ಮಾ... ದೊಡ್ಡತಾಯೀ...”

ಆಗಷ್ಟೇ ಆರೂ ತೊಟ್ಟಿಯನ್ನು ತೊಳೆದು, ಹೊಸ ಬೂದಿ ಸುರಿದು, ಅಂಗೈಯಲ್ಲಿ ಸವರಿ ಸಮ ಮಾಡಿ ಬಂದಿದ್ದ ದೊಡ್ಡತಾಯಮ್ಮ ಒಲೆಯ ಮುಂದಿನಿಂದಲೇ ಅಂದಳು: “ಸಾಕು ಬನ್ನಿ, ಬೆಳಿಗ್ಗೆ ಬೆಳಿಗ್ಗೇನೆ ಸುರುವಾಯ್ತಾ ನಿಮ್ಮ ಮೂಗಿನ ರಾಗ!”

ಕೆಂಪಣ್ಣ ಅವಳ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲಲ್ಲಿ ನಿಂತಿದ್ದವರು ಸಾಕ್ಷಾತ್ ಚಂದ್ರಶೇಖರಯ್ಯನವರು. ಹಣೆಗೆ ವಿಭೂತಿಯಿಲ್ಲ, ಹೆಗಲ ಮೇಲೆ ವಸ್ತ್ರ.

“ಬೇಕು ಅಂತಲೇ ಮೊದಲ್ನೇ ಬಸ್ಸಿಗೆ ಬಂದೆ ಕಣಮ್ಮ, ಬಾಯಿಗೂ ನೀರು ಹಾಕಿಲ್ಲ. ನೀನು ಗುಡಿಸಿ ಸಾರಿಸೋದ್ರೊಳಗೆ ಮನೆ ಹೆಂಗಿರ್ತದೆ ಅಂತ ಮೂಗಿಗೆ ತಿಳೀಬೇಕು ನೋಡು.” ಬಚ್ಚಲು ಎಲ್ಲಿ ಎಂದು ಯಾರನ್ನೂ ಕೇಳಲಿಲ್ಲ; ಕಟ್ಟಿಸಿದವರೇ ಅವರು. ನೆಟ್ಟಗೆ ಹಿಂದಕ್ಕೆ ನಡೆದರು.

ದೊಡ್ಡತಾಯಮ್ಮ ಅವರಿಗೆಂದು ಕಾಫಿ ಸೋಸಿದಳು. ಐದು ಜೀವಗಳ ಗೋಣಿಚೀಲ ಬಚ್ಚಲ ಬಾಗಿಲಲ್ಲೇ ಬಾಯಿ ತೆರೆದು ಕೂತಂತೆ ಅವಳಿಗೆ ಕಂಡಿತು. ಲೋಟ ಹಿಡಿದು ಹೋದಾಗ ಬಾಯಿ ಮುಕ್ಕಳಿಸುವ ಸದ್ದು.

ಅಯ್ಯನವರು ಪ್ರಸನ್ನರಾಗಿ ಈಚೆ ಬಂದರು. ತೋರುಬೆರಳು ಕಪ್ಪಗಾಗಿತ್ತು. ಹಲ್ಲು ಬೆಳ್ಳಗಾಗಿತ್ತು.

“ಎಲ್ಲಿ ತಂದ್ಯಮ್ಮ ಇಂಥಾ ಬೂದಿ? ನಮ್ಮನೇಲೂ ಹಲ್ಲುಜ್ಜೋಕೆ ಹೊಟ್ಟಿನ ಬೂದೀನೇ, ಆದ್ರೆ ಗುಬ್ಬಚ್ಚಿ ಗೂಡಷ್ಟು ಮಡಕೆ ಚೂರಲ್ಲಿ ಇಟ್ಟಿರ್ತಾರೆ. ನೀನು ತೊಟ್ಟಿಗಟ್ಲೆ ಇಟ್ಟಿದೀಯ! ನೆಂಟರು ಜಾಸ್ತಿ ಅಂತ ಕಾಣುತ್ತೆ.”

ಕೆಂಪಣ್ಣನಿಗೆ ಕಾಫಿ ನೆತ್ತಿಗೇರಿತು.

“ಹೂಂ, ಅದಿರ್ಲಿ,” ಅಯ್ಯನವರು ಎರಡು ಸಲ ಉಸಿರೆಳೆದರು. “ಬೆಕ್ಕಿನ ವಾಸನೆ ಅಂತೂ ಇಲ್ಲ. ಸುಳ್ಳು ಹೇಳಬಾರ್ದು, ಇಲ್ಲವೇ ಇಲ್ಲ. ಎಲ್ಲಿ ಹೋಗ್ತವೆ ಅವು? ಅದನ್ನ ತೋರಿಸಮ್ಮ.”

ಹೇಳಿದರೆ ಕೋಪ, ಹೇಳದಿದ್ದರೆ ಸುಳ್ಳು. ಬಾಯಿ ತೆರೆಯುವ ಕಷ್ಟವನ್ನು ದಫೇದಾರ ತಪ್ಪಿಸಿದ. ಅಯ್ಯನವರು ಹಲ್ಲುಜ್ಜುವವರೆಗೂ ಗೋಡೆಯ ಬದಿ ತನ್ನ ಸರದಿಗೆ ಕಾದಿದ್ದ ಅವನು ಗಂಭೀರವಾಗಿ ನಡೆದು ಬಂದು, ಬೆರಳ ಗುರುತಿದ್ದ ಆ ತೊಟ್ಟಿಯನ್ನೇ ಹತ್ತಿದ. ಕೆರೆದ. ಕೂತ. ಕಣ್ಣು ಅರೆಮುಚ್ಚಿ ಮನೆ ಯಜಮಾನರನ್ನೇ ನೋಡುತ್ತ ಕೆಲಸ ಮುಗಿಸಿ, ನೀಟಾಗಿ ಮುಚ್ಚಿ, ಇಳಿದು ಹೋದ.

ಚಂದ್ರಶೇಖರಯ್ಯನವರು ತಮ್ಮ ತೋರುಬೆರಳನ್ನು ನೋಡಿಕೊಂಡರು. ಆಮೇಲೆ ಬಚ್ಚಲಲ್ಲಿ ಆದ ಸದ್ದನ್ನು ಬರೆಯಲಾಗದು. ಹಂಡೆಯ ನೀರು ಅರ್ಧಕ್ಕಿಳಿಯಿತು.

ದೊಡ್ಡತಾಯಮ್ಮ ಬಾಗಿಲಲ್ಲಿ ನಿಂತಳು. “ಅಯ್ನೋರೆ, ನಮ್ಮವ್ವನಾಣೆ. ಈಗ ಒಂದ್ಗಳಿಗೆ ಮುಂಚೆ ತೊಟ್ಟಿ ಕುದಿನೀರಲ್ಲಿ ತೊಳ್ದು, ಗಿರಣಿಯಿಂದ ತಂದ ಹೊಸ ಬೂದಿ ಸುರ್ದಿದ್ದೆ. ಯಾವ ಬೆಕ್ಕೂ ಮುಟ್ಟಿರ್ನಿಲ್ಲ. ಇವತ್ತು ನೀವೇ ಮೊದಲ್ನೇರು.”

ನೀರಿನ ಸದ್ದು ನಿಂತಿತು. ಆಮೇಲೆ ಕೆಮ್ಮೋ ನಗುವೋ ತಿಳಿಯದಂಥದೊಂದು ಹೊರಟು, ನಗುವೇ ಎಂದು ಖಾತ್ರಿಯಾಯಿತು.

“ವಾಸನೆ ಇದೆ ಅನ್ನೋಕೆ ಇನ್ನು ನನಗೆ ಯಾವ ಬಾಯಿದೆ ತಾಯಿ?” ಎಂದು ವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತ ಈಚೆ ಬಂದರು. “ಬೆಕ್ಕು ಇರಲಿ. ಆದ್ರೆ ಈ ಮಾತು ಅರಕಲಗೂಡಿಗೆ ಬರಕೂಡದು.”

“ಬರಾಕಿಲ್ಲ, ಅಯ್ನೋರೆ.”

ಅಷ್ಟರಲ್ಲಿ ಪಾರ್ವತಮ್ಮ ಹಿತ್ತಿಲ ಗೋಡೆಯ ಮೇಲೆ ಕತ್ತು ಚಾಚಿದಳು. “ಏನಯ್ನೋರೆ, ನೋಡಿದ್ರಾ ಬೆಕ್ಕಿನ ಜಾಗ?”

“ಚೆನ್ನಾಗೇ ನೋಡ್ದೆ ಕಣಮ್ಮ,” ಎಂದರು ಅವರು ಗಂಭೀರವಾಗಿ. “ನಿನ್ನ ಕೊತ್ತಂಬರಿ ಮಡಿಗಿಂತ ಚೊಕ್ಕಟವಾಗಿದೆ.”

ಹೊರಡುವಾಗ ಮೆಟ್ಟಿಲಿಳಿದವರು ನಿಂತು, ನಾಲಿಗೆಯನ್ನು ಹಲ್ಲಿನ ಮೇಲೆ ಒಮ್ಮೆ ಆಡಿಸಿ, ದನಿ ತಗ್ಗಿಸಿ ಕೇಳಿದರು: “ಆ ಗಿರಣಿ ಎಲ್ಲಮ್ಮ ಬರುತ್ತೆ?”

ಅವರು ಬೀದಿ ತಿರುಗುವವರೆಗೂ ನೋಡಿ ದೊಡ್ಡತಾಯಮ್ಮ ಒಳಬಂದಳು. ಜಾಲರಿ ಹಿಡಿದು, ದಫೇದಾರನ ಕೆಲಸ ಎತ್ತಿ, ಬೂದಿಯನ್ನು ಅಂಗೈಯಲ್ಲಿ ಸವರಿದಳು. ಹಬ್ಬಕ್ಕೆ ತಾನೇ ಬೆಳಗಿಟ್ಟ ಹಿತ್ತಾಳೆಯ ಕೊಡಗಳನ್ನು ನೋಡುವಂತೆ ಒಂದೊಂದೇ ತೊಟ್ಟಿಯ ಮುಂದೆ ನಿಂತು ನೋಡಿದಳು. ಬೆಳ್ಳಿ ಯಾರೂ ಮುಟ್ಟದ ಆರನೆಯದನ್ನು ಹುಡುಕಿಕೊಂಡು ಹೋಗುತ್ತಿದ್ದಳು.

ಕೆಂಪಣ್ಣ ಆಗಲೇ ತೋರುಬೆರಳನ್ನು ಮೇಲೆತ್ತಿ, ಕಣ್ಣು ಅಗಲಿಸಿ, ಗಂಟಲು ಸರಿಮಾಡಿಕೊಳ್ಳುತ್ತಿದ್ದ.

“ಬ್ಯಾಡ ಕಣ್ರೀ, ಮಾತು ಕೊಟ್ಟಿವ್ನಿ,” ಎಂದಳು ಅವಳು.

“ಕೊಟ್ಟಿರೋದು ಅರಕಲಗೂಡಿಗೆ ತಾನೆ?”

ದೊಡ್ಡತಾಯಮ್ಮ ಹೋಗಿ ಬೀದಿಬಾಗಿಲ ಅಗಣಿ ಹಾಕಿದಳು. ಹಿತ್ತಿಲ ಬಾಗಿಲನ್ನೂ ಹಾಕಿದಳು. ದಫೇದಾರನನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಳು.

“ಒಂದೇ ಒಂದ್ಸಲ ಮಾಡಿ ಮತ್ತೆ.”