ಮೂರನೇ ಸಲ ಕೇಳದ ಮೇಷ್ಟ್ರು

ನನ್ನ ಸೊಸೆ ಮಿತ್ಸುಯೊ ಒಂದು ಕಾಲಕ್ಕೆ ಇಡೀ ಜಪಾನಿನಲ್ಲೇ ಎಲ್ಲರಿಗಿಂತ ವೇಗವಾಗಿ ಓಡುವ ಹೆಂಗಸಾಗಿದ್ದಳು. ಸಂಬಂಧ ತಂದವಳು ಈ ಮಾತನ್ನು ಮದುವೆ ಮುಗಿಯುವವರೆಗೂ ನುಂಗಿಕೊಂಡಿದ್ದಳು. ಹುಡುಗಿ ನೂಲಿನ ಗಿರಣಿಯಲ್ಲಿದ್ದಾಳೆ, ಕೈಕಾಲು ಗಟ್ಟಿ ಎಂದಷ್ಟೇ ಹೇಳಿದ್ದು. ಗಿರಣಿಯವರು ಪಾಳಿ ಮುಗಿದ ಮೇಲೆ ಅವಳನ್ನು ಓಡಿಸಿ ಓಡಿಸಿ, ಹಡಗು ಹತ್ತಿಸಿ ಪರದೇಶದ ಪಂದ್ಯಕ್ಕೂ ಕಳಿಸಿದ್ದರಂತೆ. ಅಲ್ಲಿ ಕೂದಲೆಳೆಯ ಅಂತರದಲ್ಲಿ ಪದಕ ತಪ್ಪಿತಂತೆ. ವಯಸ್ಸು ಮೀರುತ್ತಿದೆ ಎಂದು ತೌರಿನವರು ಹೆದರಿ ತಾತ್ಸುನೊ ಊರಲ್ಲಿ ಸೋಯಾ ಹಾಲು ಒಡೆಸಿ ತೋಫು ಮಾಡಿ ಮಾರುವ ನಮ್ಮ ಅಂಗಡಿ ಮನೆಗೆ ಕೊಟ್ಟರು. ಅವಳ ಪೆಟ್ಟಿಗೆಯಲ್ಲಿ ಮೊಳೆ ಬಡಿದ ಬೂಟು ಕಂಡಾಗಲೇ ನನಗೆ ಇದೆಲ್ಲ ಗೊತ್ತಾಗಿದ್ದು. ಯಾರನ್ನು ಒದೆಯೋಕೆ ಇದು ಎಂದು ಕೇಳಿದ್ದೆ.

ಮದುವೆಯಾಗಿ ಎರಡು ವರ್ಷಕ್ಕೆ ಅವಳಿಗೆ ಓಟ ಕಲಿಸಿದ ಹಳೆಯ ಮೇಷ್ಟ್ರು ಕಾಜಿವಾರಾ ಒಸಾಕಾದಿಂದ ಬಂದರು. ಸಿಹಿಯ ಡಬ್ಬಿ ಮುಂದಿಟ್ಟು, ಮತ್ತೆ ದೊಡ್ಡ ಪಂದ್ಯ ಬರುತ್ತಿದೆ, ಓಡೋಕೆ ಬಾ ಎಂದರು. ಕಾಲು ದಪ್ಪ ಆಗಿದೆ, ನನ್ನಿಂದ ಎಲ್ಲಿ ಆಗುತ್ತೆ ಎಂದು ಇವಳು ತಲೆ ತಗ್ಗಿಸಿದಳು. ಸರಿಯಾಗೇ ಹೇಳಿದಳು. ಮೊದಲ ಸಲಕ್ಕೇ ಹೂಂ ಅನ್ನೋಕೆ ನಾವೇನು ಬೀದಿಯವರೇ? ಅವರು ಎರಡನೇ ಸಲ ಕೇಳಿದರು. ಚಿಕ್ಕ ಹುಡುಗಿಯರಿಗೆ ಅವಕಾಶ ಕೊಡಿ ಎಂದಳು. ಅದೂ ಸರಿಯೇ. ನಮ್ಮ ಕಡೆ ಎರಡು ಸಲ ಬೇಡ ಅನ್ನುವುದು ಮರ್ಯಾದೆಗೆ, ಮೂರನೇ ಸಲ ಹೇಳುವುದೇ ನಿಜ; ನಾನು ಟೀ ಬಗ್ಗಿಸುತ್ತಾ ಆ ಮೂರನೇ ಸಲಕ್ಕೆ ಕಾದೆ. ಆ ಮನುಷ್ಯ ಟೋಪಿ ತೆಗೆದುಕೊಂಡು ಎದ್ದುಬಿಟ್ಟರು.

ಮೇಷ್ಟ್ರು ಸಮುದ್ರದಾಚೆ ಮಂಚೂರಿಯಾದಲ್ಲಿ ಹುಟ್ಟಿ ಬೆಳೆದವರಂತೆ. ಅಲ್ಲಿ ಬೇಡ ಅಂದರೆ ಬೇಡ ಎಂದೇ ಇರಬೇಕು.

ಅವರು ಮರುದಿನ ಮಧ್ಯಾಹ್ನದ ರೈಲಿಗೆ ಹೊರಡುವವರಿದ್ದರು. ಮಿತ್ಸುಯೊ ಬಾಗಿಲನ್ನೇ ನೋಡುತ್ತಾ ಕೂತಳು, ಆಮೇಲೆ ಎದ್ದು ಸೋಯಾ ಕಾಳು ನೆನೆಹಾಕಿದಳು. ಇವಳಿಗೆ ನಿಜವಾಗಿ ಬೇಡವೋ, ಬೇಕೋ? ನನಗೆ ತಲೆ ಕೆಟ್ಟುಹೋಯಿತು. ಮಗ ತೊಕುಜಿಯನ್ನು ಕೇಳಿದರೆ ಅವನೋ ತೋಫುವಿಗಿಂತ ಮೆತ್ತಗೆ, ನಿನಗೆ ಹೇಗೆ ತೋಚುತ್ತೋ ಹಾಗೆ ಅಂದ. ಅವಳು ಹೋದರೆ ಬೆಳಗಿನ ಜಾವ ಒಲೆ ಹಚ್ಚುವವರು ಯಾರು? ಮೊಮ್ಮಗು ಯಾವಾಗ? ಹೋಗದಿದ್ದರೆ ಆ ಮುಖವನ್ನು ದಿನಾ ನೋಡುವುದು ಹೇಗೆ?

ಅಂತೂ ರಾತ್ರಿ ಪಾತ್ರೆ ತೊಳೆಯುವಾಗ ನಾನೇ ಕೇಳಿದೆ. ಇಲ್ಲ ಅತ್ತೆ ಎಂದಳು. ಬೆಳಿಗ್ಗೆ ಮತ್ತೆ ಕೇಳಿದೆ. ಅಂಗಡಿ ಬಿಟ್ಟು ಹೇಗೆ ಎಂದಳು. ಮೂರನೆಯದನ್ನು ನಾನು ಮುಂದೂಡುತ್ತಲೇ ಇದ್ದೆ. ಹೂಂ ಅಂದುಬಿಟ್ಟರೆ ಎಂಬ ಭಯ ನನಗೇ ಇತ್ತು. ಹೊಳೆಯಾಚೆ ರೈಲು ಕೂಗಿದ ಮೇಲೆ ಬಾಯಿ ಬಿಟ್ಟೆ.

"ನಿಜ ಹೇಳೇ. ಹೋಗ್ತೀಯಾ?"

ಮಿತ್ಸುಯೊ ಮರದ ಚಪ್ಪಲಿ ಅಲ್ಲೇ ಬಿಟ್ಟು, ಕೆಲಸದ ಬಟ್ಟೆಯಲ್ಲೇ ಬೀದಿಗೆ ಹಾರಿದಳು. ಅವಳು ಓಡುವುದನ್ನು ನಾನು ಕಂಡಿದ್ದು ಅದೇ ಮೊದಲು. ಕಣ್ಣು ಮಿಟುಕಿಸುವಷ್ಟರಲ್ಲಿ ಸೇತುವೆ ಮೇಲಿದ್ದಳು. ಸೋಯಾ ಸಾಸಿನ ಗಾಡಿಯವನು ಕಳ್ಳ ಯಾರು ಎಂದು ನನ್ನನ್ನು ಕೇಳಿದ. ನನಗೆ ಸುಮ್ಮನೆ ಅಳು ಬಂತು.

ವಾಪಸು ಮೆಲ್ಲಗೆ ನಡೆದು ಬಂದಳು.

"ರೈಲು ತಪ್ತಾ?"

"ಇಲ್ಲ ಅತ್ತೆ, ಸಿಕ್ತು. ಮೇಷ್ಟ್ರು ಇನ್ನೂ ಹತ್ತಿರಲಿಲ್ಲ."

"ಮತ್ತೆ ಏನಂದ್ರು?"

"ನನ್ನನ್ನ ಬೀಳ್ಕೊಡೋಕೆ ಇಷ್ಟು ದೂರ ಓಡಿ ಬಂದ್ಯಾ, ಎಷ್ಟು ಒಳ್ಳೇ ಸಂಸ್ಕಾರ ಅಂದ್ರು. ಬಗ್ಗಿ ನಮಸ್ಕಾರ ಮಾಡಿ ಹತ್ತಿದ್ರು."

"ನೀನೇನಂದೆ?"

"ಹುಷಾರಾಗಿ ಹೋಗಿ ಬನ್ನಿ ಅಂದೆ."

ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅವಳ ಕಾಲ ಬೆರಳಿಂದ ರಕ್ತ ಬರುತ್ತಿತ್ತು. ನಾಲ್ಕನೇ ಸಲ ಯಾರನ್ನೂ ಏನನ್ನೂ ಕೇಳಿದವಳಲ್ಲ ನಾನು, ಅವತ್ತು ಕೇಳಿದೆ. ಓಡ್ತೀನಿ ಅತ್ತೆ ಎಂದಳು. ಒಲೆ ಹಚ್ಚುವ ಕೆಲಸವನ್ನು ತೊಕುಜಿಯ ಮೇಲೆ ಹಾಕಿ ಮರುದಿನದ ಮೊದಲ ರೈಲಿಗೆ ಇಬ್ಬರೂ ಹತ್ತಿದೆವು. ಹೋದ ಕೂಡಲೇ ಓಡ್ತೀನಿ ಅನ್ನಬೇಕು, ಅವರು ಕೇಳಲಿ ಅಂತ ಕಾಯಬಾರದು ಎಂದು ಒಸಾಕಾದವರೆಗೂ ಅವಳಿಂದ ಬಾಯಿಪಾಠ ಮಾಡಿಸಿದೆ.

ಮೇಷ್ಟ್ರು ಬಾಗಿಲು ತೆರೆದು, ಅಚ್ಚರಿಪಟ್ಟು, ಒಳಗೆ ಬನ್ನಿ ಅಂದರು.

"ಅಯ್ಯೋ ಬೇಡ, ನಿಮಗೆ ಯಾಕೆ ತೊಂದರೆ," ಅಂದೆವು, ಇಬ್ಬರೂ ಒಟ್ಟಿಗೆ.

ಅವರು ಇನ್ನೊಮ್ಮೆ ಕರೆದರು. ನಾವಿಬ್ಬರೂ ಇನ್ನಷ್ಟು ಬಗ್ಗಿ ಬೇಡ ಅಂದೆವು. ಸರಿ ಹಾಗಾದರೆ ಎಂದು ಆ ಮಂಚೂರಿಯಾದ ಮನುಷ್ಯ ನಮಸ್ಕಾರ ಮಾಡಿ ಬಾಗಿಲು ಸರಿಸತೊಡಗಿದರು. ಮಿತ್ಸುಯೊ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಬಾಗಿಲ ಸಂದಿಗೆ ನನ್ನ ಕಾಲು ಕೊಟ್ಟೆ.